ಗಡಿಯಾಚೆಯ ಜಲಾನಯನ: ಜಹೀರಾಬಾದ್ ಪರಿಸರದ ಬೀಳುಭೂಮಿಯ ಪುನರುಜ್ಜೀವನ

ಕನ್ನಡ ನಾಡಿನ ಕೃಷಿಚರಿತ್ರೆಯನ್ನು ನಿರೂಪಿಸುವಾಗ ನಾವು ಸಾಮಾನ್ಯವಾಗಿ ಎರಡು ಬಗೆಯ ಆಕರಗಳನ್ನು ಅವಲಂಬಿಸುತ್ತೇವೆ. ಕೆರೆ, ಕಾಲುವೆ, ಭೂದಾನಗಳನ್ನು ದಾಖಲಿಸುವ ಶಾಸನಗಳು ಒಂದು ಬಗೆ, ಶಾಸ್ತ್ರಗ್ರಂಥಗಳು ಇನ್ನೊಂದು. ಕಲ್ಯಾಣ ಚಾಳುಕ್ಯ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ನೆಲದಡಿಯ ನೀರನ್ನು ಗುರುತಿಸುವ ಕ್ರಮವೂ ವೃಕ್ಷಾಯುರ್ವೇದವೂ ನಿರೂಪಿತವಾಗಿವೆ. ಆದರೆ ಮಳೆಯನ್ನೇ ನಂಬಿದ ಇಳಿಜಾರಿನ ಹೊಲವನ್ನು ಯಾರು ಕಾಪಾಡಿದರು, ಅದರ ಬೀಜ ಯಾರ ಕೈಯಲ್ಲಿತ್ತು ಎಂಬ ವಿಷಯದಲ್ಲಿ ಈ ಆಕರಗಳು ಬಹುಮಟ್ಟಿಗೆ ಮೌನವಾಗಿವೆ. ಈ ಮೌನವನ್ನು ಅರ್ಥಮಾಡಿಕೊಳ್ಳಲು ನೆರವಾಗುವ ಇತ್ತೀಚಿನ ಒಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸಿದ್ದೇವೆ.

ಜಹೀರಾಬಾದ್ ತಾಲ್ಲೂಕು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಗೆ ಸೇರಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಅದರ ಬಹುಭಾಗವೂ ನ್ಯಾಲಕಲ್ ವೃತ್ತವೂ ಆಂಧ್ರಪ್ರದೇಶದ ಮೇದಕ್ ಜಿಲ್ಲೆಗೆ ಸೇರಿದವು. 2016ರಿಂದ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ. ಆಡಳಿತದ ಗಡಿ ಬದಲಾದರೂ ನೀರಿನ ದಾರಿ ಬದಲಾಗಲಿಲ್ಲ. ಕೊಹೀರ್ ಬಳಿಯ ಎತ್ತರದ ನೆಲದಲ್ಲಿ ಹುಟ್ಟುವ ಕಾರಂಜಾ ಬೀದರ ಜಿಲ್ಲೆಯಲ್ಲಿ ಹರಿದು ಮಾಂಜ್ರಾ ನದಿಯನ್ನು, ಅದರ ಮೂಲಕ ಗೋದಾವರಿಯನ್ನು ಸೇರುತ್ತದೆ. ಆದ್ದರಿಂದ ಅಲ್ಲಿ ಹೊಲದ ಮಣ್ಣು ಕೊಚ್ಚಿಹೋದರೆ ಅದು ಇಲ್ಲಿನ ಜಲಾಶಯದ ಸಮಸ್ಯೆಯೂ ಆಗುತ್ತದೆ.

ಈ ಭಾಗದ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಮಣ್ಣಿನ ಪದರ ತೆಳುವಾದುದು. ಸರಕಾರದಿಂದ ದಲಿತ ಕುಟುಂಬಗಳಿಗೆ ದೊರೆತ ಭೂಮಿ ಹೆಚ್ಚಾಗಿ ಕಲ್ಲುನೆಲವೇ ಆಗಿತ್ತು. ಎತ್ತು, ಗೊಬ್ಬರ, ಬೀಜಗಳಿಗೆ ಹಣವಿಲ್ಲದೆ ಅದು ಬೀಳುಬಿದ್ದಿತು. 1983ರಲ್ಲಿ ಆಂಧ್ರಪ್ರದೇಶದಲ್ಲಿ ಕಿಲೋಗೆ 2 ರೂಪಾಯಿಯ ಅಕ್ಕಿಯ ಯೋಜನೆ ಜಾರಿಗೆ ಬಂದಿತು. ಹಸಿವಿನ ಪರಿಹಾರಕ್ಕೆ ಅದು ನೆರವಾಯಿತೆಂಬುದು ನಿಜ. ಆದರೆ ಜೋಳ, ಸಜ್ಜೆ, ನವಣೆಗಳು ಊಟದಿಂದ ಹಿಂದೆ ಸರಿದಂತೆ ಅವುಗಳನ್ನು ಬೆಳೆಯುತ್ತಿದ್ದ ಹೊಲವೂ ಕೃಷಿಯಿಂದ ಹಿಂದೆ ಸರಿಯಿತೆಂದು ಅಲ್ಲಿನ ಮಹಿಳಾ ಸಂಘಗಳು ವಾದಿಸುತ್ತ ಬಂದಿವೆ. ಈ ವಾದವನ್ನು ಚರಿತ್ರಕಾರರು ಗಂಭೀರವಾಗಿ ಪರಿಗಣಿಸಬೇಕು. ಜಲಾನಯನದ ಅವನತಿಗೆ ಮರ ಕಡಿದುದಷ್ಟೇ ಕಾರಣವಲ್ಲ, ಊಟದ ಧಾನ್ಯ ಬದಲಾದುದೂ ಕಾರಣವಾಗಬಹುದು.

ಅದೇ 1983ರಲ್ಲಿ ಜಹೀರಾಬಾದ್ ಬಳಿಯ ಪಸ್ತಾಪುರವನ್ನು ಕೇಂದ್ರವಾಗಿಸಿಕೊಂಡ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಸ್ಥಾಪನೆಯಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಜನಿಸಿದವರು. ಗ್ರಾಮಗ್ರಾಮಗಳಲ್ಲಿ ರೂಪುಗೊಂಡ ‘ಸಂಘಂ’ಗಳ ಸದಸ್ಯರು ಬಹುಪಾಲು ದಲಿತ ಮಹಿಳೆಯರು. ತಮ್ಮ ಹೊಲಗಳಲ್ಲಿ ಕಲ್ಲು ಆಯ್ದು, ಬದು ಹಾಕಿ, ಕೊಟ್ಟಿಗೆ ಗೊಬ್ಬರ ಸೇರಿಸಿ ನೆಲವನ್ನು ಹದಗೊಳಿಸುವುದು ಅವರ ಆರಂಭದ ಕೆಲಸವಾಗಿತ್ತು.

1990ರ ದಶಕದ ನಡುವಿನಲ್ಲಿ, ಕೇಂದ್ರ ಸರಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯದ ನೆರವಿನಿಂದ, ಸಮುದಾಯ ಧಾನ್ಯನಿಧಿ ಪ್ರಾರಂಭವಾಯಿತು. ಅದರ ಕ್ರಮ ಸರಳವಾದುದು. ಬೀಳುಭೂಮಿಯನ್ನು ಸಂಘವೇ ಗುರುತಿಸಿ, ಉಳುಮೆ, ಗೊಬ್ಬರ, ಬಿತ್ತನೆಗಳಿಗಾಗಿ ಒಡೆಯನಿಗೆ ಸಾಲ ಕೊಡುತ್ತಿತ್ತು. ಸಾಲ ಹಣವಾಗಿ ಅಲ್ಲ, ಜೋಳವಾಗಿ ಹಲವು ವರ್ಷಗಳಲ್ಲಿ ಮರಳುತ್ತಿತ್ತು. ಆ ಜೋಳ ಊರಲ್ಲೇ ಸಂಗ್ರಹವಾಗಿ, ಗ್ರಾಮಸ್ಥರೇ ಗುರುತಿಸಿದ ಬಡ ಕುಟುಂಬಗಳಿಗೆ ಕಷ್ಟದ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತಿತ್ತು. ಮೂವತ್ತಕ್ಕೂ ಹೆಚ್ಚು ಗ್ರಾಮಗಳಲ್ಲಿ 2,000 ಎಕರೆಗೂ ಮೀರಿದ ಭೂಮಿ ಹೀಗೆ ಮತ್ತೆ ಸಾಗುವಳಿಗೆ ಬಂದಿತು.

ಬೆಳೆಯ ಕ್ರಮವೂ ಗಮನಾರ್ಹ. ಜೋಳ, ನವಣೆ, ಸಾಮೆಗಳೊಡನೆ ತೊಗರಿ, ಹೆಸರು, ಉದ್ದು, ಅಲಸಂದೆಗಳನ್ನು ಅಕ್ಕಡಿಯಾಗಿ ಬಿತ್ತುವಾಗ ಒಂದೇ ಹೊಲದಲ್ಲಿ ಹತ್ತಾರು ಬೆಳೆಗಳಿರುತ್ತವೆ. ಅವು ಬೇರೆಬೇರೆ ಕಾಲಕ್ಕೆ ಕೊಯ್ಲಿಗೆ ಬರುವುದರಿಂದ ನೆಲ ಬಹುಕಾಲ ಹಸಿರು ಹೊದಿಕೆಯಲ್ಲಿರುತ್ತದೆ. ಮಳೆಹನಿಯ ಹೊಡೆತ ತಗ್ಗಿ ನೀರು ಇಂಗುತ್ತದೆ. ದ್ವಿದಳ ಬೆಳೆಗಳು ಮಣ್ಣಿಗೆ ಸಾರಜನಕ ಒದಗಿಸುತ್ತವೆ. ಬೀಜವನ್ನು ಮಹಿಳೆಯರೇ ಬೂದಿ, ಬೇವಿನೆಲೆಗಳೊಡನೆ ಬುಟ್ಟಿಗಳಲ್ಲಿ ಕಾಪಿಡುತ್ತಾರೆ. 2019ರಲ್ಲಿ ಈ ಮಹಿಳಾ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಈಕ್ವೇಟರ್’ ಪ್ರಶಸ್ತಿ ದೊರೆಯಿತು. ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ 2023ರಲ್ಲೇ ಸತೀಶ್ ನಿಧನರಾದರು.

ಈ ಸಾಧನೆಯನ್ನು ಉತ್ಪ್ರೇಕ್ಷಿಸುವುದು ಸಲ್ಲದು. ಪುನರುಜ್ಜೀವನಗೊಂಡುದು ಇಡೀ ಜಲಾನಯನವಲ್ಲ, ಅದರ ನೆತ್ತಿಯ ಚದುರಿದ ಹೊಲಗಳು. ಅದೇ ಪ್ರದೇಶದಲ್ಲಿ ಕಬ್ಬೂ ಇದೆ, ಕೊಳವೆಬಾವಿಗಳೂ ಇವೆ. ಇದಲ್ಲದೆ ನ್ಯಾಲಕಲ್ ಮತ್ತು ಝರಾಸಂಗಂ ಮಂಡಲಗಳಲ್ಲಿ 12,000 ಎಕರೆಗೂ ಮೀರಿದ ವಿಸ್ತಾರದ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ 2016ರಲ್ಲಿ ಕೇಂದ್ರದ ಅಂತಿಮ ಮನ್ನಣೆ ದೊರೆತಿದೆ. ಹೊಲವೇ ಕೈತಪ್ಪಿದರೆ ಬುಟ್ಟಿಯ ಬೀಜಕ್ಕೆ ನೆಲೆಯಿಲ್ಲ.

ಈ ನಿದರ್ಶನದಿಂದ ನಮಗೆ ತೋರುವುದಿಷ್ಟು. ಜಲಾನಯನದ ರಕ್ಷಣೆ ಒಡ್ಡು, ಕಟ್ಟೆಗಳಿಂದ ಮಾತ್ರ ಆಗುವಂಥದಲ್ಲ. ಬೀಜ, ನೆಲ, ಧಾನ್ಯಗಳ ಮೇಲೆ ಉಳುವವರಿಗೆ ಇರುವ ಅಧಿಕಾರ ಅದರ ಅಡಿಪಾಯ. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಬೀಜ ಕಾದವಳ ಹೆಸರು ಉಳಿಯಲಿಲ್ಲ. ಜಹೀರಾಬಾದಿನ ಹಿರಿಯ ಮಹಿಳೆಯರ ನೆನಪು, ಹಾಡು, ಬೀಜದ ಹೆಸರುಗಳನ್ನು ಸಂಗ್ರಹಿಸುವ ಕೆಲಸ ಹೈದರಾಬಾದಿನ ಕನ್ನಡ ಸಂಶೋಧಕರಿಗೆ ಸಮೀಪದಲ್ಲೇ ಇದೆ. 1956ರ ಗಡಿಯು ನಮ್ಮ ಕ್ಷೇತ್ರಕಾರ್ಯದ ಗಡಿಯಾಗಬೇಕಾಗಿಲ್ಲ.