ಶಿಲುಬೆಯ ಮೇಲಿನ ಕತ್ತಿ: ಯುದ್ಧಸ್ಮಾರಕಗಳೂ ಧರ್ಮಯುದ್ಧದ ಕಲ್ಪನೆಯೂ

ಕವಿತಾಳ, ಮಾನ್ವಿ, ದೇವದುರ್ಗಗಳನ್ನೊಳಗೊಂಡ ರಾಯಚೂರು ಸೀಮೆಯು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೈದರಾಬಾದಿನ ನಿಜಾಮನ ಆಳ್ವಿಕೆಗೆ ಸೇರಿತ್ತು. 1914ರ ನವೆಂಬರಿನಲ್ಲಿ ತುರ್ಕಿಯ ಸುಲ್ತಾನನು ಜಿಹಾದ್ ಘೋಷಿಸಿದಾಗ, ಮುಸಲ್ಮಾನ ದೊರೆಯಾದ ಈ ನಿಜಾಮನು ಬ್ರಿಟಿಷರ ಪಕ್ಷದಲ್ಲೇ ಉಳಿದನು. ಪ್ಯಾಲೆಸ್ತೀನಿನಲ್ಲಿ ಹೋರಾಡಿದ ಹದಿನೈದನೆಯ ಅಶ್ವಪಡೆಯಲ್ಲಿ ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ದಳಗಳು ಒಟ್ಟಿಗಿದ್ದವು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಲಗ್ಗೆಯಿಟ್ಟವರು ಜೋಧಪುರ ಮತ್ತು ಮೈಸೂರಿನ ಸವಾರರು. ಇದನ್ನು ಯಾವ ಧರ್ಮದ ಯುದ್ಧವೆಂದು ಕರೆಯೋಣ?

ಲಂಡನ್ನಿನಲ್ಲಿ ಅನೇಕರಿಗೆ ಉತ್ತರ ಸಿದ್ಧವಾಗಿತ್ತು. ಬಿಷಪ್ ವಿನಿಂಗ್ಟನ್-ಇಂಗ್ರಾಮ್ 1915ರಲ್ಲೇ ಯುದ್ಧವನ್ನು ಪವಿತ್ರವೆಂದು ಸಾರಿದ್ದರು. 1917ರ ಡಿಸೆಂಬರ್ 11ರಂದು ಸೇನಾಪತಿ ಅಲೆನ್‌ಬಿ ಯೆರೂಸಲೇಮನ್ನು ಕಾಲ್ನಡಿಗೆಯಲ್ಲಿ ಪ್ರವೇಶಿಸಿದನು. ಅದೇ ತಿಂಗಳು 'ಪಂಚ್' ಪತ್ರಿಕೆಯು ನಗರವನ್ನು ನೋಡುತ್ತ ನಿಂತ ಅರಸ ರಿಚರ್ಡನ ಚಿತ್ರವನ್ನು ಅಚ್ಚಿಸಿ, ಅದನ್ನು ಕೊನೆಯ ಕ್ರೂಸೇಡ್ ಎಂದು ಕರೆಯಿತು. ಆದರೆ ಈ ಹೋರಾಟವನ್ನು ಧರ್ಮಯುದ್ಧವೆಂದು ಬಣ್ಣಿಸಬಾರದೆಂದು ಸರಕಾರವು ಪತ್ರಿಕೆಗಳಿಗೆ ನವೆಂಬರಿನಲ್ಲೇ ಸೂಚಿಸಿತ್ತು. ಅದರ ಸೈನ್ಯದಲ್ಲಿ ಮುಸಲ್ಮಾನರೂ ಇದ್ದರಷ್ಟೆ. ಬಿಷಪ್ಪನಿಗಿಂತ ಸರಕಾರಿ ಅಧಿಕಾರಿಯು ಎಚ್ಚರವಾಗಿದ್ದನೆಂಬುದು ಸಭೆಗೆ ಹೆಮ್ಮೆಯ ಸಂಗತಿಯಲ್ಲ.

ಯುದ್ಧ ಮುಗಿದ ಮೇಲೆ ಅದೇ ಪ್ರಶ್ನೆ ಕಲ್ಲಿಗೆ ಬಂತು. ದೆಹಲಿಯ ತೀನ್ ಮೂರ್ತಿಯಲ್ಲಿ ಮೂರು ಸಂಸ್ಥಾನಗಳ ಹೆಸರಿನಲ್ಲಿ ಮೂವರು ಕಂಚಿನ ಯೋಧರು ನಿಂತಿದ್ದಾರೆ. ಅಲ್ಲಿ ಲಿಂಗವಿಲ್ಲ, ಅರ್ಧಚಂದ್ರವಿಲ್ಲ, ಶಿಲುಬೆಯಿಲ್ಲ. ಸಾಮ್ರಾಜ್ಯದ ಸ್ಮಶಾನಗಳಿಗಾಗಿ ಲುಟಿಯನ್ಸ್ ಯಾವ ಮತದ ಗುರುತೂ ಇಲ್ಲದ ಶಿಲೆಯನ್ನು ರಚಿಸಿದನು. ಬ್ಲೂಮ್‌ಫೀಲ್ಡ್ ರಚಿಸಿದ್ದು ಬಲಿದಾನದ ಶಿಲುಬೆ. ಯೆರೂಸಲೇಮಿನ ಸ್ಕೋಪಸ್ ಗುಡ್ಡದ ಸ್ಮಶಾನದಲ್ಲೂ ಅದೇ ಶಿಲುಬೆಯಿದೆ, ಅದರ ಮೈಮೇಲೆ ಕೆಳಮುಖವಾದ ಕಂಚಿನ ಕತ್ತಿಯೂ ಇದೆ. ಮಗನನ್ನು ಕಳೆದುಕೊಂಡ ತಾಯಿ ಅದರಲ್ಲಿ ಪುನರುತ್ಥಾನದ ನಿರೀಕ್ಷೆಯನ್ನು ಕಂಡಿರಬಹುದು. ಅದನ್ನು ಅಲ್ಲಗಳೆಯುವ ಹಕ್ಕು ನಮಗಿಲ್ಲ. ಆದರೆ ಅದೇ ಹಾದಿಯಲ್ಲಿ ನಡೆಯುವ ಮುಸಲ್ಮಾನನಿಗೆ ಕಾಣುವುದು ರಿಚರ್ಡನ ಕತ್ತಿ. ಗೆತ್ಸೇಮನೆ ತೋಟದಲ್ಲಿ ಪೇತ್ರನಿಗೆ ಕತ್ತಿಯನ್ನು ಒರೆಗೆ ಸೇರಿಸೆಂದ ಕರ್ತನ ಶಿಲುಬೆಗೇ ಕತ್ತಿಯನ್ನು ಬಿಗಿದಿರುವಾಗ, ಆ ನೋಟವನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭವಲ್ಲ.

ಕನ್ನಡನಾಡಿನ ವೀರಗಲ್ಲುಗಳಲ್ಲೂ ಕತ್ತಿಯಿದೆ, ದೇವರೂ ಇದ್ದಾನೆ. ಆದರೆ ಇಬ್ಬರೂ ಒಂದೇ ಪಟ್ಟಿಕೆಯಲ್ಲಿಲ್ಲ. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಜೈನನಾದರೆ ಲಿಂಗದ ಸ್ಥಳದಲ್ಲಿ ಜಿನನಿರುತ್ತಾನೆ. ಶಾಸನವಿದ್ದರೆ ಅದು ಹೇಳುವ ಕಾರಣ ಬಹಳ ಸಲ ತುರುಗೋಳು ಅಥವಾ ಊರಳಿವು: ದನಗಳನ್ನು ಬಿಡಿಸಿಕೊಳ್ಳಲು, ಊರನ್ನು ಉಳಿಸಲು ಸತ್ತವನು. ಮೇಲಿನ ಲಿಂಗವು ಆತನೆಲ್ಲಿಗೆ ಸೇರಿದನೆಂಬುದನ್ನು ತಿಳಿಸುತ್ತದೆ, ಏಕೆ ಕಾದಿದನೆಂಬುದನ್ನಲ್ಲ. ಮಂಡ್ಯ ಸೀಮೆಯ ಆತಕೂರಿನ ಕಲ್ಲು ತಕ್ಕೋಲದ ಯುದ್ಧವನ್ನು ನೆನೆಯುತ್ತದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಸ್ಮರಿಸುತ್ತದೆ. ಆ ಕಲ್ಲನ್ನು ನಿಲ್ಲಿಸಿದ್ದು ಶಿವಾಲಯದ ಮುಂದೆ. ತಕ್ಕೋಲದಲ್ಲಿ ಸೋತ ಚೋಳರೂ ಶಿವಭಕ್ತರೇ ಆಗಿದ್ದರು.