ಗುಬ್ಬಿಯ ಯುವ ಸುವಾರ್ತಿಕ ವಿಲಿಯಂ ಆರ್ಥರ್

ಐ.ಡಿ.ಹಳ್ಳಿಯಿಂದ ಗುಬ್ಬಿಯವರೆಗೆ ಹರಡಿರುವ ತುಮಕೂರು ಸೀಮೆಯ ಸಭಾಚರಿತ್ರೆಯನ್ನು ಓದುವಾಗ, ನಾವು ದೀರ್ಘಕಾಲ ದುಡಿದವರ ಹೆಸರುಗಳ ಮೇಲೆಯೇ ನಿಲ್ಲುತ್ತೇವೆ. ಬೇಗನೆ ಹಿಂದಿರುಗಿದವರ ವಿಷಯದಲ್ಲಿ ನಮಗೆ ಏನೋ ಸಂಕೋಚ.

ಐರ್ಲೆಂಡಿನಲ್ಲಿ 1819ರಲ್ಲಿ ಜನಿಸಿದ ವಿಲಿಯಂ ಆರ್ಥರರು ವೆಸ್ಲಿಯನ್ ಮಿಷನಿನ ಸೇವೆಗೆ ತಮ್ಮನ್ನು ಒಪ್ಪಿಸಿಕೊಂಡು 1839ರಲ್ಲಿ ಹಡಗು ಹತ್ತಿದಾಗ ಅವರಿಗೆ ಇಪ್ಪತ್ತು ವರುಷ. ಅವರು ಬಂದು ಸೇರಿದ್ದು ಗುಬ್ಬಿಗೆ. ಅಡಿಕೆಯ ವ್ಯಾಪಾರಕ್ಕೂ ಸಂತೆಗೂ ಹೆಸರಾಗಿದ್ದ ಆ ಪೇಟೆಯಲ್ಲಿ ಥಾಮಸ್ ಹಾಡ್ಸನರು 1837ರಲ್ಲಿಯೇ ಕೆಲಸವನ್ನಾರಂಭಿಸಿದ್ದರು. ಆರ್ಥರರು ಕನ್ನಡ ಕಲಿತರು. ಊರೂರಿಗೆ ಹೋಗಿ ಬೋಧಿಸಿದರು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತು, ಕಣ್ಣಿನ ದೃಷ್ಟಿ ಕುಂದಿತು. 1841ರಲ್ಲಿ ಅವರು ಈ ನಾಡನ್ನು ಬಿಟ್ಟು ಹೋಗಬೇಕಾಯಿತು.

ಅವರ ಕರೆ ವಿಫಲವಾಯಿತೆನ್ನೋಣವೆ? 1851ರಿಂದ 1868ರವರೆಗೆ ಅವರು ಅದೇ ಮಿಷನಿನ ಕಾರ್ಯದರ್ಶಿಗಳಾಗಿದ್ದರು. 1866ರಲ್ಲಿ ವೆಸ್ಲಿಯನ್ ಸಭೆಯ ಅಧ್ಯಕ್ಷರಾದರು. ಆದರೆ ಈ ಪದವಿಗಳಿಂದ ಗುಬ್ಬಿಯ ದಿನಗಳನ್ನು ಅಳೆಯುವುದು ನಮಗೆ ಸರಿಯೆನಿಸದು. ಅವರು 1847ರಲ್ಲಿ ಮೈಸೂರು ಮಿಷನನ್ನು ಕುರಿತು ಪ್ರಕಟಿಸಿದ ಗ್ರಂಥದ ಮುಂದೆ ನಾವು ಹೆಚ್ಚು ಹೊತ್ತು ನಿಲ್ಲಬೇಕು. ಕಣ್ಣಾರೆ ಕಂಡುದನ್ನು ಅಲ್ಲಿ ಬರೆದಿದ್ದಾರೆ. ಇಡೀ ಭಾರತದ ಜನರನ್ನೂ ಧರ್ಮವನ್ನೂ ಕುರಿತು ತೀರ್ಪನ್ನೂ ನೀಡಿದ್ದಾರೆ. ಮೊದಲನೆಯದಕ್ಕೆ ಎರಡು ವರುಷ ಸಾಲಬಹುದು, ಎರಡನೆಯದಕ್ಕೆ ಸಾಲದು. ಕೆಲವು ವಾರ ಹೊರನಾಡಿನಲ್ಲಿದ್ದು ಬಂದು ವರದಿ ಬರೆಯುವ ನಮ್ಮ ವಿದ್ಯಾರ್ಥಿಗಳೂ ಇದನ್ನು ಗಮನಿಸಿಯಾರು.

ಬಹುಕಾಲ ಕನ್ನಡಿಗರ ನಡುವೆ ಬಾಳಿದ ಹಾಡ್ಸನರು ತಮ್ಮ ಕನ್ನಡ ವ್ಯಾಕರಣವನ್ನು ಹೊರತಂದದ್ದು 1859ರಲ್ಲಿ.