ಗಡಿಯಂಚಿನ ಎರಡು ಕ್ಷೇತ್ರಗಳು: ರಾಯದುರ್ಗ ಮತ್ತು ಮಡಕಶಿರಾ

ಇಂದು ಅನಂತಪುರ ಜಿಲ್ಲೆಯಲ್ಲಿರುವ ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು; ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರುಗಳ ಜೊತೆ ಅದೂ ಆಂಧ್ರದ ಪಾಲಾಗಿ, ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಬಂದಿತು. ಹೀಗಾಗಿ 1952ರಲ್ಲಿ ಮದ್ರಾಸ್ ವಿಧಾನಸಭೆಗೆ ಮತ ಹಾಕಿದ ಇಲ್ಲಿನ ಜನ 1955ರಲ್ಲಿ ಆಂಧ್ರ ವಿಧಾನಸಭೆಗೆ ಮತ ಹಾಕಿದರು. 1957ರ ವಿಧಾನಸಭಾ ಚುನಾವಣೆ ತೆಲಂಗಾಣಕ್ಕಷ್ಟೇ ನಡೆದುದರಿಂದ ಅವರ ಮುಂದಿನ ಸರದಿ ಬಂದದ್ದು 1962ರಲ್ಲಿ.

ರಾಯದುರ್ಗ, ಡಿ. ಹಿರೇಹಾಳು, ಕಣೇಕಲ್ಲು, ಬೊಮ್ಮನಹಾಳು, ಗುಮ್ಮಗಟ್ಟ ಮಂಡಲಗಳ ಈ ಕ್ಷೇತ್ರದಲ್ಲಿ ಕನ್ನಡ ಮನೆಮಾತಾದವರು ಗಣನೀಯ ಸಂಖ್ಯೆಯಲ್ಲಿದ್ದರೂ ಮತ ಕೇಳಲು ಭಾಷೆಗಿಂತ ನೀರೇ ಹೆಚ್ಚು ಒದಗಿದೆ. ಭೈರವಾನಿತಿಪ್ಪದ ಬಳಿ ವೇದಾವತಿಗೆ, ಅಂದರೆ ಬಳ್ಳಾರಿ ಸೀಮೆಯವರ ಹಗರಿಗೆ, ಕಟ್ಟಿದ ಜಲಾಶಯ ತುಂಬಬೇಕಾದರೆ ಮೇಲ್ಭಾಗದಲ್ಲಿ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ನೀರು ಬಿಟ್ಟುಕೊಡಬೇಕು. ಆ ಸಾಗರವೋ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಆದ್ದರಿಂದಲೇ ಹಂದ್ರಿ-ನೀವಾ ಯೋಜನೆಯ ಕೃಷ್ಣಾ ನೀರನ್ನು ಜೀಡಿಪಲ್ಲಿಯಿಂದ ಇಲ್ಲಿಗೆ ತರುವ ಭರವಸೆಗೆ ಅಚ್ಚುಕಟ್ಟಿನಲ್ಲಿ, ಅಂದರೆ ಜಲಾಶಯದಿಂದ ನೀರುಣ್ಣಬೇಕಾದ ಜಮೀನುಗಳಲ್ಲಿ, ಅಷ್ಟು ಬೆಲೆ ಬಂದಿದೆ.

ರಾಯದುರ್ಗದ ಮತದಾರರು 1989ರಿಂದೀಚೆಗೆ ಯಾವ ಪಕ್ಷವನ್ನೂ ಸತತ ಎರಡು ಸಾರ್ವತ್ರಿಕ ಚುನಾವಣೆಗಳಲ್ಲಿ ಗೆಲ್ಲಿಸಿಲ್ಲ. ಕಾಂಗ್ರೆಸ್ಸಿನ ಪಾಟೀಲ್ ವೇಣುಗೋಪಾಲ ರೆಡ್ಡಿ 1989 ಮತ್ತು 1999ರಲ್ಲಿ, ತೆಲುಗು ದೇಶಂನ ಬಂಡಿ ಹುಲಿಕುಂಟಪ್ಪ 1994ರಲ್ಲಿ, ಮೆಟ್ಟು ಗೋವಿಂದ ರೆಡ್ಡಿ 2004ರಲ್ಲಿ ಆಯ್ಕೆಯಾದರು. 1999 ಮತ್ತು 2004ರಲ್ಲಿ ಕ್ಷೇತ್ರ ರಾಜ್ಯದ ಗಾಳಿಗೆ ಎದುರಾಗಿಯೇ ನಡೆಯಿತೆಂಬುದು ಗಮನಿಸತಕ್ಕ ಸಂಗತಿ. 2009ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಕಾಪು ರಾಮಚಂದ್ರ ರೆಡ್ಡಿ ಜಗನ್‌ಮೋಹನ ರೆಡ್ಡಿಯವರ ಪಾಳೆಯ ಸೇರಿ ಸ್ಥಾನ ಕಳೆದುಕೊಂಡು, 2012ರ ಉಪಚುನಾವಣೆಯಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನಿಂದ ಮರಳಿದರು. 2014ರಲ್ಲಿ ತೆಲುಗು ದೇಶಂನ ಕಾಲವ ಶ್ರೀನಿವಾಸುಲು, 2019ರಲ್ಲಿ ಮತ್ತೆ ಕಾಪು, 2024ರಲ್ಲಿ ಮತ್ತೆ ಕಾಲವ.

ಮಡಕಶಿರಾದ ಕಥೆ ಬೇರೆ. ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಮಂಡಲಗಳ ಈ ನೆಲ ತುಮಕೂರು ಜಿಲ್ಲೆಗೆ ಅಂಟಿಕೊಂಡಿದ್ದು, ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇಲ್ಲೇ ಇದೆ; ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಇಲ್ಲಿ ಬಹುಕಾಲ ಪಕ್ಷಕ್ಕಿಂತ ವ್ಯಕ್ತಿ ದೊಡ್ಡವರಾಗಿದ್ದರು: ನೀಲಕಂಠಾಪುರದ ಎನ್. ರಘುವೀರಾ ರೆಡ್ಡಿ 1989, 1999, 2004ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಕೃಷಿ ಸಚಿವರೂ ಆದರು. ಆ ಹಿಡಿತವನ್ನು ಸಡಿಲಿಸಿದ್ದು ಎದುರಾಳಿಗಳಲ್ಲ, ಜನಸಂಖ್ಯೆಯ ಆಧಾರದಲ್ಲಿ ಎಲ್ಲೆಗಳನ್ನು ಮರುರೂಪಿಸುವ ಕ್ಷೇತ್ರ ಪುನರ್ವಿಂಗಡಣೆ. 2009ರಿಂದ ಮಡಕಶಿರಾ ಪರಿಶಿಷ್ಟ ಜಾತಿಗೆ ಮೀಸಲಾಗಿ ರಘುವೀರಾ ಕಲ್ಯಾಣದುರ್ಗಕ್ಕೆ ಹೋದರು, ಮಡಕಶಿರಾದಲ್ಲಿ ಕಾಂಗ್ರೆಸ್ಸಿನ ಕೆ. ಸುಧಾಕರ್ ಗೆದ್ದರು.

2014ರಲ್ಲಿ ಗೆದ್ದ ತೆಲುಗು ದೇಶಂನ ಕೆ. ಈರಣ್ಣನವರ ಆಯ್ಕೆಯನ್ನು ಹೈಕೋರ್ಟ್ 2018ರಲ್ಲಿ ರದ್ದುಪಡಿಸಿತು, ಸೋತಿದ್ದ ಎಂ. ತಿಪ್ಪೇಸ್ವಾಮಿ ಅವಧಿಯ ಕೊನೆಯ ತಿಂಗಳುಗಳಿಗೆ ಶಾಸಕರಾಗಿ, 2019ರಲ್ಲಿ ಮತದಾರರಿಂದಲೇ ಆಯ್ಕೆಯಾದರು. 2022ರಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. 2024ರಲ್ಲಿ ಮಡಕಶಿರಾದಲ್ಲಿ ತೆಲುಗು ದೇಶಂನ ಎಂ. ಎಸ್. ರಾಜು ಗೆದ್ದದ್ದು 351 ಮತಗಳ ಅಂತರದಿಂದ.